ಕುಂಬಳಕಾಯಿಗೆ ಕೊಟ್ಟ ಜೋಡೆತ್ತು

ಒಂದು ಕುಂಬಳಕಾಯಿ ನನಗೆ ಜೋಡೆತ್ತಿನ ಬೆಲೆಗೆ ಬಿತ್ತು. ಯಾರೂ ಮೋಸ ಮಾಡಲಿಲ್ಲ. ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಆರಾಧನೆ ಮುಗಿದ ಮೇಲೆ, ಜನ ಹೊಲದಿಂದ ತಂದು ಅರ್ಪಿಸಿದ ಜೋಳ, ಕಡಲೆ, ಕೋಳಿ, ಕಾಯಿಪಲ್ಲೆಗಳನ್ನು ಅಂಗಳದಲ್ಲಿ ಲಿಲಾವು ಕೂಗಿ, ಹೆಚ್ಚು ದರ ಹೇಳಿದವರಿಗೆ ಮಾರುತ್ತಾರೆ. ಬಂದ ಹಣ ದೇವರ ಕೆಲಸಕ್ಕೆ. ಅವತ್ತು ಆ ಕಾಯಿಗೆ ಸವಾಲು ಕೂಗಿದವನೂ ನಾನೇ, ಎದುರಿಗೆ ಯಾರೂ ಇಲ್ಲದಿದ್ದರೂ ಅದನ್ನು ಏರಿಸುತ್ತ ಹೋದವನೂ ನಾನೇ.

ಲಿಲಾವು ನಡೆಸುತ್ತಿದ್ದ ಸಭೆಯ ಹಿರಿಯರು ನಕ್ಕರು. "ಸಾವಕಾರ್ರ, ನಿಮ್ಮ ಸವಾಲಿನ ಮ್ಯಾಲ ನೀವ ಏರಸಾಕತ್ತೀರಲ್ರಿ. ಕಾಯಿಯೊಳಗ ಬಂಗಾರ ಐತೇನು?"

"ನೀವು ಕೂಗ್ರಿ," ಎಂದೆ.

ಕಾರಣ ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕೂತಿತ್ತು. ನನ್ನ ಹೆಂಡತಿ. ಎದೆಯಲ್ಲಿ ಶುರುವಾದ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಇನ್ನು ನೋವು ಕಡಿಮೆ ಮಾಡುವುದಷ್ಟೇ ತಮ್ಮ ಕೈಯಲ್ಲಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು.

ನಾನು ದನದ ದಲಾಲಿ, ಹಲ್ಲು ನೋಡಿ ದರ ಕಟ್ಟುವವನು. ಯರಗುಪ್ಪಿಯಲ್ಲಿ ಮಂದಿಯ ದನ ಕಾಯುತ್ತ ಬೆಳೆದು, ಅಣ್ಣಿಗೇರಿಯಲ್ಲಿ ಸ್ವಂತ ಮನೆ ಕಟ್ಟಿಸಿದವನು. ಸಂತೆಯಲ್ಲಿ ಕಲಿತದ್ದು ಇಷ್ಟು: ಮಾರುವವನು ಸುಮ್ಮನೆ ನಿಂತಿದ್ದಾನೆಂದರೆ ಒಲ್ಲೆ ಎಂದಲ್ಲ, ಇನ್ನೂ ಸ್ವಲ್ಪ ಏರಿಸು ಎಂದು. ದೇವರ ಮೌನವನ್ನೂ ಹಾಗೆಯೇ ತಿಳಿದುಕೊಂಡೆ. ನನಗೆ ನೋಯುವಷ್ಟು ಕೊಟ್ಟರೆ ಅವಳ ನೋವನ್ನು ಬಿಟ್ಟುಕೊಟ್ಟಾನು ಎಂದುಕೊಂಡೆ. ಕರುವಾಗಿದ್ದಾಗಿನಿಂದ ಸಾಕಿದ ಬಿಳಿ ಜೋಡಿಯನ್ನು ಮಾರಿ ಸವಾಲಿನ ಹಣ ಕಟ್ಟಿದೆ.

ಕೊಟ್ಟಿಗೆ ಖಾಲಿಯಾದದ್ದನ್ನು ನೋಡಿ ಅವಳು ಕೇಳಿದಳು. "ಎತ್ತು ಯಾಕ ಮಾರಿದ್ರಿ?"

"ನಿನ್ನ ಸಲುವಾಗಿ."

"ಹಂಗಾರ ನನ್ನ ದರ ಒಂದು ಜೋಡಿ ಎತ್ತು. ಹಲ್ಲರ ನೋಡಿದ್ರೇನು ನಂದು?" ನಗಲು ಹೋಗಿ ಬೆನ್ನು ಹಿಡಿದುಕೊಂಡಳು.

ನೋವು ಇಳಿಯಲಿಲ್ಲ, ನಾನೂ ಬಿಡಲಿಲ್ಲ. ಉಪವಾಸ ಮಾಡಿದೆ. ಚಹಾ ಬಿಟ್ಟೆ. ಕಂಡ ಕಂಡ ಪ್ರಾರ್ಥನೆಯ ಕೂಟಗಳಿಗೆಲ್ಲ ಹೋಗಿ ಮೊಣಕಾಲೂರಿದೆ. ಅಂಥ ಒಂದು ಕೂಟದ ಅಕ್ಕಾರೊಬ್ಬರು ಮನೆಗೆ ಬಂದು ಹಾಸಿಗೆಯ ಹತ್ತಿರವೇ ಕೇಳಿದರು: "ಮುಚ್ಚಿಟ್ಟ ಪಾಪ ಏನರ ಐತೇನ್ರಿ ತಂಗಿ? ನೆನಪ ಮಾಡ್ಕೊಳ್ರಿ."

"ಹುಡುಕಬೇಕು ಅಂತೀನ್ರಿ ಅಕ್ಕಾರ," ಎಂದಳು ಇವಳು. "ಏಳಾಕ ಬೆನ್ನು ಬಿಡವಲ್ದು."

ದೂರದ ಜಿಲ್ಲೆಯಲ್ಲಿ ಪ್ರಾರ್ಥನೆಯಿಂದಲೇ ರೋಗ ವಾಸಿಮಾಡುವ ಸ್ವಸ್ಥತೆಯ ಕೂಟವಿದೆ ಎಂದು ಹೇಳಿದವರೂ ಅವರೇ. ಇಡೀ ದಿನದ ದಾರಿ. ಗಾಡಿ ಕುಲುಕಿದರೆ ಎಲುಬು ತಾಳಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರೂ ಬಾಡಿಗೆ ಗಾಡಿ ಗೊತ್ತುಮಾಡಿದೆ. ಬೆಳಿಗ್ಗೆ ಅದು ಬಾಗಿಲಿಗೆ ಬಂದು ನಿಂತಿತು.

"ನಾ ಬರಂಗಿಲ್ರಿ," ಎಂದಳು.

"ಇದೊಂದು ಸಲ. ದೇವರು ಕೈ ಬಿಡಂಗಿಲ್ಲ."

"ಅಂವ ಬಿಟ್ಟಾನಂತ ನಾ ಯಾವಾಗ ಅಂದೆ? ಬಿಟ್ಟವರು ನೀವು. ಹಬ್ಬ ಆದಾಗಿಂದ ಒಂದು ತಾಸು ನನ್ನ ಬಾಜು ಕುಂತೀರೇನು?"

"ನಿನ್ನ ಸಲುವಾಗೇ ತಿರಗ್ಯಾಡಾಕತ್ತೀನಲ್ಲ."

"ಸ್ವಾಮಿ ಶಿಲುಬಿ ಮ್ಯಾಲ ಇದ್ದಾಗ ಅವರವ್ವ ಯಾರ ಕೂಡ ಚೌಕಾಸಿ ಮಾಡಿದ್ಲು? ಬುಡಕ ನಿಂತಿದ್ಲು, ಅಷ್ಟ. ನನಗೂ ಅಷ್ಟ ಬೇಕಾಗೇತಿ."

ಗಾಡಿಯನ್ನು ವಾಪಸು ಕಳಿಸಿದೆ.

ಆಮೇಲೆ ಕೂತೆ. ಕೂಡುವುದು ನನಗೆ ಬರುತ್ತಿರಲಿಲ್ಲ. ಸುಮ್ಮನಿದ್ದರೆ ಸೋತಂತೆ ಅನಿಸುತ್ತಿತ್ತು. ನೋವು ಏರಿದಾಗ ಅವಳ ಪ್ರಾರ್ಥನೆ ಅರ್ಧಕ್ಕೆ ನಿಲ್ಲುತ್ತಿತ್ತು, ಉಳಿದದ್ದನ್ನು ನಾನು ಹೇಳುತ್ತಿದ್ದೆ. ಗುಣ ಮಾಡು ಎಂದು ಕೇಳುವುದನ್ನು ಬಿಡಲಿಲ್ಲ. ಬದಲಿಗೆ ಏನು ಕೊಡುತ್ತೇನೆಂದು ಹೇಳುವುದನ್ನು ಬಿಟ್ಟೆ.

ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಹೋದಳು. ಮಣ್ಣು ಕೊಟ್ಟು ಬರುವಾಗ ಬಹಳ ಜನ ಹೇಳಿದರು, ಇದರಲ್ಲಿ ದೇವರ ಉದ್ದೇಶವೊಂದು ಇರುತ್ತದೆ ಎಂದು. ಇರಬಹುದು. ನನಗೆ ಅವನು ತಿಳಿಸಿಲ್ಲ. ನನ್ನಂಥವನಿಗೆ ಹೆಂಡತಿಯ ಬಾಜು ಕೂಡುವುದನ್ನು ಕಲಿಸಲಿಕ್ಕೇ ಆ ನೋವು ಬಂತು ಎಂದರೆ ನಾನು ಒಪ್ಪುವುದಿಲ್ಲ. ಆ ಪಾಠಕ್ಕೆ ಅದು ಬಹಳ ತುಟ್ಟಿಯಾಯಿತು. ನನಗೆ ಗೊತ್ತಿರುವುದು ಇಷ್ಟೇ: ನಮ್ಮ ಸ್ವಾಮಿ ನೋವಿನ ಆಚೆ ಕೂತು ದರ ಹೇಳುವವನಲ್ಲ, ತಾನೇ ಮೊಳೆ ಹೊಡೆಸಿಕೊಂಡವನು. ಕೆಲವು ದಿನ ನನಗೆ ಅಷ್ಟು ಸಾಕಾಗುತ್ತದೆ. ಕೆಲವು ದಿನ ಸಾಲುವುದಿಲ್ಲ.

ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಮಲಗಿದ್ದರೆ, ನೋವಿನ ಗುಳಿಗೆ ಮುಗಿಯುವ ಮುಂಚೆಯೇ ತರಿಸಿ. ಎಲ್ಲ ಅಂಗಡಿಯಲ್ಲೂ ಅದು ಸಿಗುವುದಿಲ್ಲ, ಡಾಕ್ಟರ ಚೀಟಿಯೂ ಬೇಕು. ಗುಳಿಗೆ ಕೊಡುವುದು ವಿಶ್ವಾಸದ ಕೊರತೆ ಎನ್ನುವವರನ್ನು ಒಳಗೆ ಬಿಡಬೇಡಿ. ಪಾಪ ವಿಚಾರಿಸಲು ಬಂದವರಿಗೆ ಕಟ್ಟೆಯ ಮೇಲೇ ಚಹಾ ಕೊಟ್ಟು ಕಳಿಸಿ. ಎಲ್ಲಿಗೇ ಕರೆದೊಯ್ಯುವುದಿದ್ದರೂ ಮೊದಲು ಮಲಗಿದವರನ್ನು ಕೇಳಿ. ಪ್ರಾರ್ಥನೆ ಚಿಕ್ಕದಿರಲಿ. ಕೂಡಲು ಗಿಡ್ಡ ಸ್ಟೂಲು ತೆಗೆದುಕೊಳ್ಳಿ, ನಿಮ್ಮ ಮುಖ ನೋಡಲು ಅವರು ಕತ್ತು ಎತ್ತುವಂತಾಗಬಾರದು.