ಗಾಲ್ಫ್ ಮೈದಾನದ ಕಂಟ್ರೋಲರ್

ಹಿರಿಯೂರಿನ ಹೊರಗೆ, ಹೆದ್ದಾರಿ ಪಕ್ಕದ ಗಾಲ್ಫ್ ಮೈದಾನದಲ್ಲಿ ಆಟ ತಡವಾಗದಂತೆ ನೋಡಿಕೊಳ್ಳುವವರು ಮರುಳಸಿದ್ದಪ್ಪನವರು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಸೀಟಿ ಊದಿ ಬಸ್ಸು ಬಿಟ್ಟವರಿಗೆ ಗಾಲ್ಫ್ ಕಲಿಯುವ ಅಗತ್ಯವೇ ಕಾಣಲಿಲ್ಲ. ಅವರ ಪಾಲಿಗೆ ನಾಲ್ವರು ಆಟಗಾರರೆಂದರೆ ಒಂದು ಬಸ್ಸು, ಚೆಂಡು ಬೀಳಿಸುವ ಒಂದೊಂದು ಕುಳಿಯೂ ಒಂದೊಂದು ಸ್ಟಾಪು. ಡಾಕ್ಟರೊಬ್ಬರು ಕೋಲು ಹಿಡಿದು ಗಾಳಿಯ ದಿಕ್ಕು ನೋಡುತ್ತ ನಿಂತರೆ, “ಗಾಳಿ ನೋಡಾಕೆ ಗುಡ್ಡದ ಮೇಲೆ ಕರೆಂಟ್ ಮಾಡೋ ಅಷ್ಟು ಫ್ಯಾನ್ ಅವೆ. ನೀವು ಹೊಡೀರಿ ಸಾರ್, ಹಿಂದಿನ ಗಾಡಿ ಬಂತು!” ಎಂದು ಸೀಟಿ ಊದುತ್ತಾರೆ. ಪೊದೆಗೆ ಬಿದ್ದ ಚೆಂಡು ಹುಡುಕಲು ಮೂರೇ ನಿಮಿಷ. ಆಮೇಲೆ ಅದು ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕ. ಇಷ್ಟು ಅವಸರದ ಮನುಷ್ಯ ಮಧ್ಯಾಹ್ನ ಒಂದು ಗಂಟೆಗೆ ಮಾತ್ರ ಕೆಂಪು ಬಾವುಟ ಎತ್ತಿ ಇಡೀ ಮೈದಾನವನ್ನೇ ನಿಲ್ಲಿಸಿಬಿಡುತ್ತಾರೆ. ಹೆಂಡತಿ ದಾಕ್ಷಾಯಣಮ್ಮ ಬುತ್ತಿ ಹಿಡಿದು, ನೋಯುವ ಮಂಡಿಯಲ್ಲಿ ಕಾಲೆಳೆಯುತ್ತ ಮೈದಾನ ದಾಟುವ ಹೊತ್ತು ಅದು. ಹಿಂದೊಮ್ಮೆ ತಾಯಿ ಸೀರಿಯಸ್ ಎಂಬ ಸುದ್ದಿ ಕೇಳಿ ಆಕೆ ಹೊಸದುರ್ಗದ ಬಸ್ಸಿಗೆ ಓಡಿ ಬರುತ್ತಿದ್ದುದನ್ನು ಕಂಡೂ ಇವರು ಟೈಮಿಗೆ ಸರಿಯಾಗಿ ಸೀಟಿ ಊದಿದ್ದರಂತೆ. ಮುಂದಿನ ಬಸ್ಸಿನಲ್ಲಿ ಹೋಗಿ ತಲುಪುವಷ್ಟರಲ್ಲಿ ತಾಯಿಯ ಜೀವ ಹೋಗಿತ್ತು. ಬಿಸಿಲಲ್ಲಿ ಕಾದು ಬೇಸತ್ತ ಡಾಕ್ಟರು, “ಇನ್ನಾದ್ರೂ ಹೊಡೀಲೇನ್ರಿ?” ಎಂದು ಕೇಳಿದರೆ ಮರುಳಸಿದ್ದಪ್ಪ ಬಾವುಟ ಇಳಿಸುವುದಿಲ್ಲ. “ತಡ್ರಿ ಸಾರ್,” ಎನ್ನುತ್ತಾರೆ, “ಆಯಮ್ಮ ಬರೋ ತಂಕ ಬಸ್ಸು ಬಿಡಲ್ಲ.”