ಬೈಯುವುದಕ್ಕೊಂದು ಭಾಷೆ

ನಿಗಡಿಯ ರೇಣುವಿನಷ್ಟು ನಗುನಗುತ್ತ ಬೈಯುವ ಹೆಂಗಸು ಇಡೀ ಪುಣೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಆಕುರ್ಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳ ಕೆಲಸ. ಡಾಕ್ಟರನ್ನು ಕಾಣುವ ಮೊದಲು ರೋಗಿಗಳು ಅವಳ ಖಿಡಕಿಗೆ ಬಂದು ಕೇಸ್ ಪೇಪರ್ ಮಾಡಿಸಿಕೊಳ್ಳಬೇಕು. ಯಾರಾದರೂ ಮುದುಕ ಅವಸರ ಮಾಡಿದರೆ ರೇಣು ಮರಾಠಿಯಲ್ಲಿ, "ಬಸಾ ಕಾಕಾ, ದೋನ ಮಿನಿಟ" ಎಂದು ಸಕ್ಕರೆಯಂತೆ ಹೇಳುವಳು. ಅದೇ ನಗೆಯನ್ನು ಮುಖದ ಮೇಲೆ ಇಟ್ಟುಕೊಂಡೇ ದನಿ ತಗ್ಗಿಸಿ ಕನ್ನಡದಲ್ಲಿ ಮುಂದುವರಿಸುವಳು: "ಕೂಡ್ರೋ ನಿನ್ನ ಹೆಣಾ ಎತ್ತಲಿ, ಸುಡಗಾಡಿಗೆ ಹೋಗೂದಕ್ಕೂ ಇಷ್ಟ ಅವಸರ ಮಾಡ್ತೀಯೇನ." ಮುದುಕ ಏನೋ ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡು ಕೈ ಮುಗಿಯುವನು. ಅಲ್ಲಿ ಹೆಂಗಸಿಗೆ ಬಾಯಿ ಅನ್ನುತ್ತಾರೆ; ಈ ಬಾಯಿ ಭಾರಿ ದೈವಭಕ್ತೆ ಎಂದು ಆಸ್ಪತ್ರೆಯ ತುಂಬ ಹೆಸರಾಗಿತ್ತು.

ಬಾಯಿ ಬೆಲ್ಲ, ಕರುಳು ಕತ್ತರಿ ಎಂದು ಅವಳನ್ನು ನೋಡಿಯೇ ಗಾದೆ ಕಟ್ಟಿರಬೇಕು ಅನ್ನಿಸುತ್ತದೆ. ಆದರೆ ಹುಟ್ಟುತ್ತಲೇ ಯಾರೂ ಕತ್ತರಿ ಹಿಡಿದು ಬರುವುದಿಲ್ಲ. ಬೈಲಹೊಂಗಲದ ಹತ್ತಿರದ ಹಳ್ಳಿಯ ಹುಡುಗಿ ಅವಳು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತನಾಗಿದ್ದ ಅಮರನನ್ನು ಮದುವೆಯಾಗಿ ನಿಗಡಿಯ ಒಂದು ಬಾಡಿಗೆ ಖೋಲಿಗೆ ಬಂದಾಗ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ನಳದ ಮುಂದೆ ನಿಂತ ಹೆಂಗಸರು ಅವಳ ಸೀರೆಯನ್ನು, ನಡಿಗೆಯನ್ನು, ಮಾತನ್ನು ಎತ್ತಿ ಆಡಿಕೊಂಡು ನಕ್ಕರು. ಮನೆಯೊಡತಿ ಅವಳ ಕೊಡವನ್ನು ಕಾಲಿನಿಂದ ಸರಿಸಿದಳು. ತಿರುಗಿ ಅನ್ನಲು ಮರಾಠಿ ಇರಲಿಲ್ಲ, ಸುಮ್ಮನಿರಲು ಸ್ವಭಾವ ಇರಲಿಲ್ಲ. ರೇಣು ಆ ಮನೆಯೊಡತಿಯ ಕಣ್ಣಲ್ಲಿ ಕಣ್ಣಿಟ್ಟು, ಬಾಯಿ ತುಂಬ ನಕ್ಕು, "ನಿನ್ನ ಕಾಲಾಗ ಹುಳಾ ಬೀಳ್ಲಿ" ಎಂದಳು. ಮನೆಯೊಡತಿಯೂ ನಕ್ಕಳು. ಪಾಪ, ಹೊಸ ಸೊಸೆ ಕ್ಷಮೆ ಕೇಳುತ್ತಿದೆ ಅಂದುಕೊಂಡು ಕೊಡ ತುಂಬಿಸಿ ಕೊಟ್ಟಳು. ಅವತ್ತು ಕಲಿತ ವಿದ್ಯೆ.

ಪುಣೆಯ ನಮ್ಮ ಮಂದಿಗೆಲ್ಲ ಈ ವಿದ್ಯೆ ಅಷ್ಟಿಷ್ಟು ಬರುತ್ತದೆ. ಅಂಗಡಿಯಲ್ಲಿ ಗಂಡ ಹೆಂಡತಿ ಎದುರಿಗೇ ನಿಂತು "ಭಾಳ ತುಟ್ಟಿ ಹೇಳಾಕತ್ತಾನ, ಹೊಳ್ಳಿ ಹೋದಂಗ ನಾಟಕ ಮಾಡು" ಎಂದು ಕನ್ನಡದಲ್ಲಿ ಮಾತಾಡಿಕೊಳ್ಳುವುದುಂಟು. ಬೇರೆಯವರಿಗೆ ಅದು ಎಲೆಯ ತುದಿಯ ಉಪ್ಪಿನಕಾಯಿ. ರೇಣುವಿಗೆ ಅದೇ ಊಟವಾಯಿತು.

ಮಗಳು ಮಂಜರಿ ಹುಟ್ಟಿದ ಮೇಲೆ ಅವಳೊಂದು ನಿಶ್ಚಯ ಮಾಡಿದಳು. ತನ್ನ ಮಗಳನ್ನು ನೋಡಿ ಯಾವ ನಳದ ಮುಂದೆಯೂ ಯಾರೂ ನಗಬಾರದು. ಆದ್ದರಿಂದ ಮನೆಯಲ್ಲಿ ಕೂಸಿನ ಜೊತೆ ಮರಾಠಿಯೇ. ಅಮರನಂತೂ ದೇಹೂ ರೋಡಿನಲ್ಲೇ ಹುಟ್ಟಿ ಬೆಳೆದವನು, ಅವನಿಗೆ ಮರಾಠಿಯೇ ಸಲೀಸು. ಹೀಗೆ ಪಾಠವೂ ಮರಾಠಿ, ಕಥೆಯೂ ಮರಾಠಿ, ಜೋಗುಳವೂ ಎದುರುಮನೆಯವರಿಂದ ಕಲಿತ ಮರಾಠಿ. ಆದರೆ ಸಿಟ್ಟು ಹೇಳಿ ಕೇಳಿ ಬರುವುದಿಲ್ಲವಲ್ಲ. ಹಾಲು ಉಕ್ಕಿದಾಗ, ಅಂಕ ಕಡಿಮೆ ಬಂದಾಗ, ಖಿಡಕಿಯಲ್ಲಿ ಮೇಲಿನವರು ಅಂದದ್ದನ್ನು ನುಂಗಿಕೊಂಡು ಬಂದಾಗ ಕನ್ನಡ ತಾನಾಗಿ ಬಾಯಿಗೆ ಬರುತ್ತಿತ್ತು. ಆ ಹುಡುಗಿಯ ಕಿವಿಗೆ ತಾಯಿಯ ಕನ್ನಡ ಬಿದ್ದದ್ದು ಇಂಥ ಹೊತ್ತಿನಲ್ಲಿ ಮಾತ್ರ. ಇದನ್ನು ರೇಣು ಯಾವತ್ತೂ ಯೋಚಿಸಿರಲಿಲ್ಲ.

ಮಂಜರಿ ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದಳು. ತನ್ನ ಆಸ್ಪತ್ರೆಯ ಲ್ಯಾಬಿನಲ್ಲೇ ಅವಳಿಗೊಂದು ಜಾಗ ಎಂದು ರೇಣು ಮಾತಾಡಿ ಇಟ್ಟಿದ್ದಳು. ಬೆಳಗ್ಗೆ ತಾಯಿ ಮಗಳು ಒಂದೇ ಬಸ್ಸಿಗೆ ಹೋಗುವುದು, ಸಂಜೆ ಒಂದೇ ಬಸ್ಸಿಗೆ ಬರುವುದು, ಅದು ಅವಳ ಲೆಕ್ಕಾಚಾರ. ಹುಡುಗಿ ಬೇರೆಯೇ ಮಾತು ತೆಗೆದಳು. ಕರ್ನಾಟಕದ ಕರಾವಳಿಯಲ್ಲಿ ಒಂದು ಸರಕಾರಿ ವಿಶ್ವವಿದ್ಯಾಲಯ ಇದೆ, ಅಲ್ಲಿ ಸಾಗರ ಜೀವಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತೇನೆ ಅಂದಳು.

"ನಮ್ಮ ಮನ್ಯಾಗ ಇವತ್ತಿನ ತನಕ ಒಂದ ತತ್ತಿ ಒಡದಿಲ್ಲ, ಇದು ಮೀನ ಕೊಯ್ಯಾಕ ಹೊಂಟದ," ಎಂದು ರೇಣು ವಾರಗಟ್ಟಲೆ ಕೂಗಾಡಿದಳು. ಜಾತಿಯ ಮಾತು ತೆಗೆದಳು, ಮೀನಿನ ವಾಸನೆಯ ಮಾತು ತೆಗೆದಳು, ಸತ್ತ ಅತ್ತೆಯನ್ನೂ ಸಾಕ್ಷಿಗೆ ಎಳೆದಳು. ಅಮರ ಕಿವಿ ಇದ್ದೂ ಕಿವುಡನಾಗಿ ಡಿಪೋಗೆ ಹೋಗಿಬಂದ. ನಿಜ ಸಂಗತಿ ಮೀನಿನದಲ್ಲ. ಆ ಮನೆಯಲ್ಲಿ ರೇಣುವಿಗೆ ಇದ್ದದ್ದು ಮಂಜರಿ ಒಬ್ಬಳೇ. ಅವಳು ಹೋದರೆ ಉಳಿಯುವುದು ಒಂದು ಟಿವಿ, ಒಬ್ಬ ಮೌನಿ ಗಂಡ. ಈ ಭಯವನ್ನು ಮಾತ್ರ ಅವಳು ಬಾಯಿ ಬಿಟ್ಟು ಆಡಲಿಲ್ಲ.

ಆ ವಿಶ್ವವಿದ್ಯಾಲಯದವರು ಪುಣೆಯ ಕಡೆಯ ಅಭ್ಯರ್ಥಿಗಳಿಗಾಗಿ ಯೆರವಡಾದ ಒಂದು ಸಭಾಂಗಣದಲ್ಲಿ ಭಾನುವಾರ ಸಭೆ ಇಟ್ಟಿದ್ದರು. ಮೊದಲು ಪರಿಚಯ, ಆಮೇಲೆ ಸಂದರ್ಶನ, ಸಂದರ್ಶನ ಮುಗಿಯುತ್ತಲೇ ತೀರ್ಮಾನ. ಪಾಲಕರೂ ಬರಬಹುದು ಎಂದಿದ್ದರು. ಬರಬಹುದು ಎಂದರೆ ಸಾಕಾಯಿತು. ರೇಣು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟೇಬಿಟ್ಟಳು. ಈ ಸೀಟು ಹೇಗಾದರೂ ತಪ್ಪಿಹೋಗಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಬಸ್ಸಿನಲ್ಲಿ ಜಾಗ ಖಾಲಿ ಇದ್ದರೂ ಮಂಜರಿ ಬೇರೆ ಸೀಟಿನಲ್ಲಿ ಕೂತಳು.

ಸಭಾಂಗಣದಲ್ಲಿ ಪರದೆಯ ಮುಂದೆ ನಿಂತವಳು ನೂಲಿನ ಸೀರೆಯ, ಬೆಳ್ಳಿಗೂದಲಿನ ಹೆಂಗಸು. ಹೆಸರು ವರದಾ. ಸ್ವಚ್ಛ ಪೇಟೆ ಮರಾಠಿಯಲ್ಲಿ ಮಾತು ಶುರು ಮಾಡಿದಳು. ವರದಾ ಎಂಬ ಹೆಸರು ಪುಣೆಯಲ್ಲಿ ಗಲ್ಲಿಗೊಂದು ಸಿಗುತ್ತದೆ, ಇವಳು ಒಂದು ದಿನದ ಮಟ್ಟಿಗೆ ಮಾತಾಡಲು ತಂದ ಇಲ್ಲಿಯದೇ ಬಾಯಿ ಎಂದು ರೇಣು ತೀರ್ಮಾನ ಮಾಡಿದಳು. ಎರಡನೆಯ ಸಾಲಿನಲ್ಲಿ, ಸರಿಯಾಗಿ ಎದುರಿಗೇ, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಗುಮುಖ ಮಾಡಿಕೊಂಡು ಕೂತಳು.

ಪರದೆಯ ಮೇಲೆ ಗುಡ್ಡ ಬಂತು, ಕೆಂಪು ಕಲ್ಲಿನ ಕಟ್ಟಡಗಳು ಬಂದವು, ಹಿಂದೆ ಸಮುದ್ರ. ವರದಾ ಹೇಳುತ್ತ ಹೋದಳು. ಗುಡ್ಡದ ಈ ಕಡೆ ವಿಜ್ಞಾನದ ವಿಭಾಗಗಳು, ಸಾಗರ ಜೀವಶಾಸ್ತ್ರ, ಸಾಗರ ಭೂವಿಜ್ಞಾನ, ರಸಾಯನ, ಗಣಿತ. ಆ ಕಡೆ ಕನ್ನಡ, ಇತಿಹಾಸ, ವಾಣಿಜ್ಯ, ಪತ್ರಿಕೋದ್ಯಮ. ನಡುವೆ ಗ್ರಂಥಾಲಯ. ಅದರ ಮೇಲಿನ ಅಂತಸ್ತಿನಿಂದ ಸಮುದ್ರ ಕಾಣುತ್ತದೆ, ಅದಕ್ಕೇ ಪರೀಕ್ಷೆಯ ಕಾಲದಲ್ಲಿ ಕುರ್ಚಿಗಳನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತೇವೆ ಎಂದಾಗ ಸಭೆ ನಕ್ಕಿತು.

"ದೂರದ ಬೆಟ್ಟ ನುಣ್ಣಗ," ಎಂದಳು ರೇಣು, ನಗುತ್ತಲೇ. "ಹತ್ರ ಹೋಗಿ ನೋಡಿದರ ಹಾವು ಚೇಳು ಇರ್ತಾವ."

ವಿಭಾಗಕ್ಕೆ ಸ್ವಂತ ದೋಣಿ ಇದೆ, ಇಳಿತದ ಹೊತ್ತಿಗೆ ವಿದ್ಯಾರ್ಥಿಗಳು ಕೆಸರಿನಲ್ಲಿ ಇಳಿದು ಮಾದರಿ ತರಬೇಕು, ಹುಡುಗಿಯರೂ ಇಳಿಯುತ್ತಾರೆ ಎಂದಳು ವರದಾ.

"ಎಮ್ಮಿನೂ ಇಳೀತಾವ. ಅದಕ್ಕ ಎಂಎಸ್ಸಿ ಯಾಕ ಬೇಕು. ಹೆಂಗ ಹೇಳಾಕತ್ತಾಳ ನೋಡು, ಬಾಡಗಿ ಬಾಯಿ."

ಮಂಜರಿ ತಲೆ ತಗ್ಗಿಸಿದಳು. ವರದಾ ಒಂದೆರಡು ಸಲ ರೇಣುವಿನ ಕಡೆ ನೋಡಿದಳು. ನೋಡಿದಾಗಲೆಲ್ಲ ರೇಣು ಭಕ್ತಿಯಿಂದ ತಲೆದೂಗಿದಳು. ಹುಡುಗಿಯರ ಹಾಸ್ಟೆಲಿನ ಚಿತ್ರ ಬಂದಾಗಂತೂ ಅವಳು ಕಟ್ಟಿದವರ ವಂಶವನ್ನೇ ಜಾಲಾಡಿಬಿಟ್ಟಳು.

ಸಂದರ್ಶನ ಪಕ್ಕದ ಸಣ್ಣ ಖೋಲಿಯಲ್ಲಿ. ಮೇಜಿನ ಆಚೆ ಮೂವರು, ನಡುವೆ ವರದಾ. ತಮ್ಮಲ್ಲಿ ಮರಾಠಿ ಆಡಿಕೊಳ್ಳುತ್ತಿದ್ದ ಉಳಿದ ಇಬ್ಬರು ಗಂಡಸರು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದ್ದರು. ತಾಯಿ ಮಗಳು ಅಕ್ಕಪಕ್ಕ ಕೂತರು. ಮೊದಲ ಪ್ರಶ್ನೆಗಳಿಗೆ ಮಂಜರಿ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಉತ್ತರಿಸಿದಳು. ರೇಣುವಿಗೆ ಇಂಗ್ಲಿಷ್ ಅಷ್ಟಾಗಿ ತಿಳಿಯದಿದ್ದರೂ ಎದುರಿನವರ ಮುಖ ಅರಳುವುದು ತಿಳಿಯಿತು. ತನ್ನ ಕೆಲಸ ಕೆಡುತ್ತಿದೆ ಎಂದು ಕುರ್ಚಿಯನ್ನು ಮಗಳ ಹತ್ತಿರ ಎಳೆದುಕೊಂಡಳು. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಮೇಲೆ ಯಾಕೆ ಬರುತ್ತವೆ ಎಂದು ವರದಾ ಕೇಳಿದ್ದೇ ತಡ, ರೇಣು ಮಗಳ ಕೈ ಸವರುತ್ತ, ಮುಖದ ತುಂಬ ನಕ್ಕು, ಕನ್ನಡದಲ್ಲಿ ಶುರು ಮಾಡಿದಳು.

"ಗೊತ್ತಿಲ್ಲ ಅನ್ನು. ಬಾಯಿ ತಗದಿ ಅಂದ್ರ ನಾಲಿಗಿ ಸೀಳತೀನಿ. ಈ ಮುದಿ ಗೂಬಿ ಮುಂದ ಶಾಣ್ಯಾತನ ತೋರಸಬ್ಯಾಡ. ಇಲ್ಲೆ ಸೋತು ಸುಮ್ಮ ಮನಿಗೆ ನಡಿ."

ವರದಾ ಮರಾಠಿಯಲ್ಲಿ ಕೇಳಿದಳು, ಮಗಳಿಗೆ ಏನು ಹೇಳಿದಿರಿ ಎಂದು.

"ಧೈರ್ಯ ಹೇಳಿದೆ ಮೇಡಂ, ಹುಡುಗಿ ಸ್ವಲ್ಪ ಅಂಜುತ್ತದೆ," ಎಂದಳು ರೇಣು, ಅವಳೂ ಮರಾಠಿಯಲ್ಲೇ.

ವರದಾ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟಳು. "ಗೂಬೆ ಅಂದದ್ದಕ್ಕೆ ಬೇಜಾರಿಲ್ಲ ಅಮ್ಮಾ, ನನಗೂ ಪ್ರಾಯ ಆಯ್ತು," ಎಂದಳು, ಕರಾವಳಿಯ ನಿಧಾನದ ಕನ್ನಡದಲ್ಲಿ. "ನಾಲಗೆ ಸೀಳುವುದು ಮಾತ್ರ ಬೇಡ. ಅವಳಿಗೆ ಉತ್ತರ ಹೇಳ್ಲಿಕ್ಕುಂಟು. ನನ್ನ ಊರು ಅದೇ ಗುಡ್ಡದ ಕೆಳಗೆ. ಓದಿದ್ದು, ಹದಿನೈದು ವರ್ಷ ಪಾಠ ಮಾಡಿದ್ದು ಮಾತ್ರ ಈ ಪುಣೆಯಲ್ಲಿ."

ರೇಣುವಿನ ನಗೆ ಮುಖದ ಮೇಲೆಯೇ ಒಣಗಿತು. ಸಭಾಂಗಣದಲ್ಲಿ ಅಂದದ್ದೆಲ್ಲ ಸಾಲುಗಟ್ಟಿ ನೆನಪಿಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಎದ್ದು ಕಾಲು ಹಿಡಿಯುತ್ತಿದ್ದರು. ರೇಣು ಆ ಜಾತಿಯವಳಲ್ಲ. ಸಿಕ್ಕಿಬಿದ್ದ ಬೆಕ್ಕು ಮೈಮೇಲೆ ಹಾರುತ್ತದೆ.

"ಹೌದ್ರಿ, ಅಂದೇನಿ," ಎಂದಳು, ಈಗ ಗಟ್ಟಿ ದನಿಯಲ್ಲಿ. "ಮತ್ತೂ ಅಂತೀನಿ. ಇರೂದೊಂದ ಮಗಳು ನನಗ. ಚಿತ್ರಾ ತೋರಿಸಿ, ದೋಣಿ ತೋರಿಸಿ ಕರಕೊಂಡ ಹೊಂಟೀರಿ. ನಿಮ್ಮ ಸಮುದ್ರಕ್ಕ ನನ್ನ ಮಗಳ ಆಗಬೇಕಾಗಿತ್ತೇನ್ರಿ? ಪುಣೆದಾಗ ಕಾಲೇಜ ಇಲ್ಲೇನು?"

ಗಂಡಸರಿಬ್ಬರೂ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು. ವರದಾ ಜಗಳಕ್ಕೆ ಇಳಿಯಲಿಲ್ಲ. ಮಂಜರಿಯ ಕಡೆ ತಿರುಗಿ, "ಅಮ್ಮ ಕೇಳಿದ್ದು ನ್ಯಾಯವೇ. ನೀನೇ ಹೇಳು. ಇಲ್ಲಿ ಇಷ್ಟೆಲ್ಲ ಕಾಲೇಜುಂಟು, ನಮ್ಮಲ್ಲಿಗೇ ಯಾಕೆ?" ಎಂದಳು.

ಮಂಜರಿ ಮೊದಲು ಬೇರಿನ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸಿ ಮುಗಿಸಿದಳು. ಕೆಸರಿನಲ್ಲಿ ಉಸಿರು ಸಿಗುವುದಿಲ್ಲ, ಅದಕ್ಕೇ ಮೇಲೆ ಬರುತ್ತವೆ ಎಂದು. ಆಮೇಲೆ ಕನ್ನಡದಲ್ಲಿ ಶುರು ಮಾಡಿದಳು. ಅವಳು ಕನ್ನಡದಲ್ಲಿ ಇಷ್ಟುದ್ದ ಮಾತಾಡಿದ್ದನ್ನು ರೇಣು ಅಲ್ಲಿಯವರೆಗೆ ಕೇಳಿರಲಿಲ್ಲ.

"ಮೇಡಂ, ನನಗ ಕನ್ನಡ ಛಲೋ ಬರಂಗಿಲ್ಲ. ಬೈಗಳ ಅಷ್ಟ ಬರ್ತಾವ. ಸಣ್ಣಾಕಿ ಇದ್ದಾಗ ಕನ್ನಡ ಅಂದ್ರ ಬೈಯೂದಕ್ಕ ಮಾಡಿದ ಭಾಷಾ ಅಂತ ತಿಳಕೊಂಡಿದ್ದೆ." ಒಂದು ಕ್ಷಣ ಶಬ್ದ ಹುಡುಕಿದಳು. "ಹಾಸ್ಟೆಲ್ ಸಿಗ್ತದೇನು ಅಂತ ಕೇಳಾಕ ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಮಧ್ಯಾಹ್ನ ಆಗಿತ್ತು. ಒಬ್ಬರು ಬಾಯಿ ಫೋನ್ ತಗೊಂಡ್ರು. 'ಊಟ ಆಯ್ತಾ ಮಗಾ? ಊಟ ಮಾಡಿ ಫೋನ್ ಮಾಡು, ನಾನು ಇಲ್ಲೇ ಇರ್ತೇನೆ' ಅಂದ್ರು. ಕನ್ನಡದಾಗ. ಅವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ನಾ ಫೋನ್ ಇಟ್ಟು ಅತ್ತೆ, ಮೇಡಂ. ಸಮುದ್ರದ ಸೈನ್ಸ್ ಬ್ಯಾರೆ ಕಡೆನೂ ಅದ. ಆದ್ರ ನಾ ಅಲ್ಲೇ ಹೋಗಬೇಕು."

ವರದಾ ಮತ್ತಿಬ್ಬರ ಮುಖ ನೋಡಿದಳು. ಸೀಟು ಕೊಟ್ಟಿದ್ದೇವೆ, ಹೊರಗಿನ ಹಾದಿಯ ಕೊನೆಯ ಮೇಜಿಗೆ ಹೋಗಿ ಸಹಿ ಮಾಡು ಎಂದು ಮಂಜರಿಗೆ ಹೇಳಿದಳು. ಆಮೇಲೆ ಮುಂದಿನವರನ್ನು ಕರೆದಳು.

ಹೊರಗಿನ ಓಣಿಯಂಥ ಹಾದಿಯಲ್ಲಿ ಮಂಜರಿ ಮುಂದೆ, ರೇಣು ಹಿಂದೆ. ರೇಣುವಿಗೆ ಮೊದಲು ಸಿಟ್ಟು ಬಂತು, ಹೊರಗಿನವರ ಮುಂದೆ ಹೆತ್ತವಳ ಮಾನ ಕಳೆದಳು ಎಂದು. ನಾಲ್ಕು ಹೆಜ್ಜೆಯಲ್ಲಿ ಆ ಸಿಟ್ಟು ಇಳಿದು ಎದೆಯಲ್ಲಿ ಹೆದರಿಕೆ ಮಾತ್ರ ಉಳಿಯಿತು. ಆ ಮೇಜು ಮುಟ್ಟುವುದರೊಳಗೆ ಒಂದು ಒಳ್ಳೆಯ ಮಾತು ಆಡಬೇಕಿತ್ತು. ಮರಾಠಿಯಲ್ಲಿ ಆಡಿದರೆ ಅದು ಖಿಡಕಿಯ ಮಾತಾಗುತ್ತಿತ್ತು. ರೋಗಿಗಳಿಗೆ ದಿನವಿಡೀ ಹಂಚುವ ಸಕ್ಕರೆ ಅದು, ಅದರ ಬೆಲೆ ಮಗಳಿಗೆ ಗೊತ್ತು. ಕನ್ನಡದಲ್ಲಿ ತನ್ನ ಅವ್ವ ತನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದಳು. ಬಂಗಾರವೋ, ಪುಟ್ಟಿಯೋ, ಏನೋ ಇತ್ತು. ಇಷ್ಟು ವರ್ಷ ಬಳಸದ ಮಾತು ಕರೆದ ತಕ್ಷಣ ಬರುವುದಿಲ್ಲ.

ಅವಳು ಓಡಿಹೋಗಿ ಮಗಳ ಓಢಣಿಯ ಸೆರಗು ಹಿಡಿದಳು. ಇದ್ದಬದ್ದ ಮೆತ್ತನೆಯ ದನಿಯನ್ನೆಲ್ಲ ಕೂಡಿಸಿ, "ಸುಟ್ಟ ಮಾರಿದೇ," ಎಂದಳು, "ನನ್ನ ಬಿಟ್ಟು ಹೊಕ್ಕೀಯಾ?"

ಮಂಜರಿ ನಿಂತು ತಿರುಗಿ ನೋಡಿದಳು. ಓಢಣಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಇವತ್ತರ ಬೈಯಬ್ಯಾಡ ಅವ್ವಾ," ಎಂದು ಹೇಳಿ ಮೇಜಿನ ಕಡೆ ಹೋದಳು.

ರೇಣು ಬೈದಿರಲಿಲ್ಲ. ಹಾಗೆಂದು ಅವಳಿಗೆ ಯಾವ ಭಾಷೆಯಲ್ಲಿ ಹೇಳಬೇಕೋ ತಿಳಿಯದೆ ಅಲ್ಲೇ ನಿಂತಳು.