ಪೂಜೆಗಿಟ್ಟ ಪಾನಾ

ವೈನಿ, ಅಣ್ಣನನ್ನು ಸೈಕಲ್ಲಿನಿಂದ ಬೀಳಿಸಿದ್ದು ನಿಮ್ಮ ಕಾಲ್ಗುಣವಲ್ಲ. ನಾನು. ಇಷ್ಟು ವರ್ಷ ಬಾಯಿ ಬಿಟ್ಟು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನೀವು ಅಣ್ಣನ ಕೈಹಿಡಿದು ಮುನವಳ್ಳಿಯಿಂದ ಸೊಸೆಯಾಗಿ ಮುರಗೋಡದ ನಮ್ಮ ಮನೆಗೆ ಬಂದ ಮೊದಲ ದಸರಾ. ಅಣ್ಣನಿಗೆ ಬಸ್ ಕಂಡಕ್ಟರ್ ಕೆಲಸದ ಆರ್ಡರ್ ಬಂದಿತ್ತು. ಹಬ್ಬ ಮುಗಿದ ಮೇಲೆ ಹೋಗಿ ಹಾಜರಾಗುವವನಿದ್ದ. ಅವನ ಆ ಮೂರು ಗೇರಿನ ವಿಲಾಯತಿ ಸೈಕಲ್ ನಿಮಗೆ ನೆನಪಿದೆಯಲ್ಲ — ಬೆಳಗಾವಿಯ ಒಬ್ಬ ಮಿಲಿಟರಿ ಸಾಹೇಬರಿಂದ ತಂದದ್ದು. ಊರಿಗೆಲ್ಲ ಅಂಥದ್ದು ಒಂದೇ. ಗೇರೆಲ್ಲ ಹಿಂದಿನ ಗಾಲಿಯ ನಡುವಿನ ಡಬ್ಬಿಯೊಳಗೆ. ಅಲ್ಲಿಂದ ಬೆರಳುದ್ದದ ಸಣ್ಣ ಸರಪಳಿಯೊಂದು ಹೊರಬಂದು ವೈರಿಗೆ ಕೂಡುತ್ತಿತ್ತು. ಆ ವೈರು ಸಡಿಲಾದರೆ ಗೇರು ಗಟ್ಟಿಯಾಗಿ ಕಚ್ಚದು. ಭಾರ ಹಾಕಿ ತುಳಿದರೆ ಪೆಡಲು ಒಮ್ಮೆಲೇ ಖಾಲಿ ತಿರುಗಿಬಿಡುವುದು.

ಆಯುಧ, ಹತಾರಗಳನ್ನೆಲ್ಲ ಪೂಜೆಗಿಡುವ ಖಂಡೆಪೂಜೆಗೆ ಸೈಕಲ್ ತೊಳೆಯುವ ಕೆಲಸ ನನ್ನದು. ಒರೆಸು, ಎಣ್ಣೆ ಬಿಡು, ಹಿಂದಿನ ಗಾಲಿ ಮಾತ್ರ ಬಿಚ್ಚಬೇಡ ಎಂದು ಅಣ್ಣ ಹೇಳಿಯೇ ಹೋಗಿದ್ದ. ನಾನು ಬಿಚ್ಚಿದೆ. ಹೈಸ್ಕೂಲು ಮುಗಿಸಿದ್ದ ಹಮ್ಮು — ಮತ್ತೇನು. ಹಿತ್ತಲಲ್ಲಿ ಕೂತು ಗಾಲಿ ತಿರುಗಿ ಕೂಡಿಸಿ ನಟ್ಟು ಬಿಗಿದಾಗ ನೋಡುತ್ತೇನೆ, ಗಾಲಿ ತುಸು ಮುಂದೆ ಕೂತಿದೆ, ವೈರು ಜೋತುಬಿದ್ದಿದೆ. ನಟ್ಟು ಸಡಿಲಿಸಿ, ಗಾಲಿ ಹಿಂದಕ್ಕೆ ಎಳೆದು ಮತ್ತೆ ಬಿಗಿಯಬೇಕಿತ್ತು. ಅಷ್ಟರಲ್ಲಿ ಅವ್ವ ಬಂದಳು. ಕುಡಗೋಲು, ಕೊಡಲಿ ಎಲ್ಲ ದೇವರ ಜಗುಲಿ ಸೇರಿದ್ದವು, ನಟ್ಟು ಬಿಚ್ಚುವ ಪಾನಾ ಒಂದೇ ಉಳಿದಿತ್ತು. ಪೂಜೆಯ ಹೊತ್ತಾಯಿತೆಂದು ಕೈಯಿಂದ ಕಸಿದುಕೊಂಡೇ ಹೋದಳು. ಪೂಜೆಗಿಟ್ಟ ಹತಾರವನ್ನು ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೋಣ’ ಎನ್ನುವವರೆಗೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಇರಲಿ, ಬನ್ನಿ ಮುಗಿದ ಮೇಲೆ ಸರಿಮಾಡಿದರಾಯಿತು ಎಂದುಕೊಂಡೆ. ಸೈಕಲ್ಲಿಗೆ ವಿಭೂತಿ, ಕುಂಕುಮ ಹಚ್ಚಲು ಅವ್ವ ನಿಮ್ಮನ್ನೇ ಕರೆದಳು, ಹೊಸ ಸೊಸೆಯ ಕೈಯಿಂದಾಗಲಿ ಎಂದು.

ಮರುದಿನ ಬೆಳಿಗ್ಗೆ ಅಣ್ಣ ನಿಮ್ಮ ತವರಿಗೆ ಹೋಳಿಗೆ ಮುಟ್ಟಿಸಲು ಹೊರಟ. ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟುತ್ತಾ ಕೇಳಿದ:

“ಏನೋ ಇಂಜಿನೇರಾ, ಎಲ್ಲಾ ಬರೋಬ್ಬರಿ ಐತಿಲ್ಲೋ?”

ಗಾಲಿ ಬಿಚ್ಚಿದ್ದೆ ಎನ್ನಬೇಕಿತ್ತು. ಒಂದೇ ಮಾತು. ಬಯ್ಯುತ್ತಿದ್ದ, ಎರಡು ಏಟು ಹಾಕುತ್ತಿದ್ದ, ನಡೆದೋ ಬಸ್ಸಿಗೋ ಹೋಗುತ್ತಿದ್ದ —

“ಹೂನಣ್ಣಾ, ಬರೋಬ್ಬರಿ ಐತಿ,” ಎಂದೆ.

ಊರ ಹೊರಗಿನ ಏರಿನಲ್ಲಿ ಸೀಟಿನಿಂದೆದ್ದು, ಮೈಭಾರವೆಲ್ಲ ಹಾಕಿ ತುಳಿದಿದ್ದಾನೆ. ಪೆಡಲು ಖಾಲಿ ತಿರುಗಿದೆ. ಮೊಣಕಾಲು ಕಲ್ಲಿಗೆ ಬಡಿಯಿತು. ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದರು. ಹಿಂದೆ ಯಾರೋ ಸೈಕಲ್ ನೂಕಿಕೊಂಡು ಬಂದರು.

ಇಲ್ಲಿಯವರೆಗಿನದು ಹುಡುಗುತನ ಎಂದು ಯಾರಾದರೂ ಕ್ಷಮಿಸಬಹುದೇನೋ. ಮುಂದಿನದನ್ನು ನಾನೇ ಕ್ಷಮಿಸಿಲ್ಲ. ಎಲ್ಲರೂ ಅಣ್ಣನ ಸುತ್ತ ಇದ್ದಾಗ ನಾನು ಜಗುಲಿಗೆ ಹೋದೆ. ಕುಂಕುಮ ಮೆತ್ತಿದ ಆ ಪಾನಾ ಎತ್ತಿಕೊಂಡೆ. ಹಿಂದಿನ ದಿನ ಅಣ್ಣನ ಸಲುವಾಗಿ ಮುರಿಯಲಾಗದ ನಿಯಮವನ್ನು ಅಂದು ನನ್ನ ಸಲುವಾಗಿ ಮುರಿದೆ. ಹಿತ್ತಲಲ್ಲಿ ಗಾಲಿ ಹಿಂದಕ್ಕೆಳೆದು, ವೈರು ಬಿಗಿಮಾಡಿ, ಒಂದೊಂದೇ ಗೇರು ತಿರುಗಿಸಿ ನೋಡಿದೆ. ಮೂರೂ ಕಚ್ಚಿದವು. ನಾನು ಅಷ್ಟು ಚೊಕ್ಕ ಕೆಲಸ ಮತ್ತೆಂದೂ ಮಾಡಿಲ್ಲ. ಪಾನಾ ಒರೆಸಿ, ಮತ್ತೆ ಕುಂಕುಮ ಹಚ್ಚಿ, ಇದ್ದಲ್ಲೇ ಇಟ್ಟೆ.

ಪಕ್ಕದ ಮನೆಯ ಕಾಕಾ ಪೆಡಲು ತಿರುಗಿಸಿ ನೋಡಿ, ಸೈಕಲ್ಲಿನದೇನೂ ತಪ್ಪಿಲ್ಲ ಎಂದರು. ಆಗ ಅವ್ವ ನಿಮ್ಮ ಕಡೆ ತಿರುಗಿದಳು.

“ಹಂಗಾರ ಕುಂಕಮಾ ಹಚ್ಚಿದ ಕೈದು ತಪ್ಪ. ಮನಿಗಿ ಎಂಥಾ ಕಾಲಗುಣ ಬಂತವಾ ಇದು.”

ಆಗ ನೀವು ಬಚ್ಚಲ ಬಾಗಿಲಲ್ಲಿ ನನ್ನ ಕೈಗೆ ನೀರು ಹಾಕುತ್ತಿದ್ದಿರಿ. ಯಾರಿಗೂ ಕೇಳದಂತೆ ಅಂದಿರಿ: “ಎಣ್ಣಿ ಭಾಳ ಹತ್ತೈತ್ರಿ. ಬೂದಿ ಹಚ್ಚಿ ತಿಕ್ಕೊಳ್ರಿ.”

ಬರೀ ಎಣ್ಣೆಯನ್ನೇ ನೋಡಿದಿರೋ — ಎಲ್ಲ ತಿಳಿದೇ ಅಂದಿರೋ — ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅಣ್ಣನ ಮೊಣಕಾಲು ಮತ್ತೆ ಮಡಚಲಿಲ್ಲ. ದಿನವಿಡೀ ಬಸ್ಸಿನಲ್ಲಿ ನಿಲ್ಲುವ ಕೆಲಸ ಕೈತಪ್ಪಿತು. ತನ್ನ ಕಾಲೇ ಜಾರಿತು ಎಂದುಕೊಂಡೇ ಅವನು ಹಿಟ್ಟಿನ ಗಿರಣಿಯಲ್ಲಿ ಕೂತು ಬಾಳಿದ. ಅವ್ವ ತಾನಾಡಿದ್ದನ್ನು ನಂಬಿಕೊಂಡೇ ಹೋದಳು. ನೀವಂತೂ ಆಮೇಲೆ ಯಾವ ಗಾಡಿಗೂ ಕುಂಕುಮ ಹಚ್ಚಲಿಲ್ಲ. ನಿಮ್ಮ ಮಗ ಟ್ರ್ಯಾಕ್ಟರ್ ತಂದ ದಿನ ಎಲ್ಲರೂ ಕರೆದರೆ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಿರಿ. ಒಲೆ ಹೊತ್ತಿರಲಿಲ್ಲ. ನಾನು ನೋಡಿದೆ.

ಹೋದ ದಸರೆಯಲ್ಲಿ ನಿಮ್ಮ ಹೊಸ ಸೊಸೆ ಕುಂಕುಮದ ಬಟ್ಟಲು ಹಿಡಿದು ಮೋಟರ್‌ಸೈಕಲ್ ಹತ್ತಿರ ಬಂದಳು. ನೀವು ಅವಳ ಕೈ ಹಿಡಿದು ಹಿಂದಕ್ಕೆಳೆದಿರಿ. “ನೀ ಹಚ್ಚಬ್ಯಾಡವಾ. ನಾಳೆ ಏನರ ಆದ್ರ ನಿನ್ನ ಹೆಸರ ಬರತೈತಿ.” ಆ ಹುಡುಗಿ ನಿಮ್ಮ ಮುಖ ನೋಡಿದಳು, ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ಅವ್ವನಿಗೂ ಅಣ್ಣನಿಗೂ ಇನ್ನು ಹೇಳಲಾರೆ. ಇಬ್ಬರೂ ತೀರಿಹೋದರು, ಆ ಹೊತ್ತೂ ಹೋಯಿತು. ಈ ಸಲ ಬನ್ನಿ ಕೊಡಲು ಬಂದಾಗ ನಿಮ್ಮ ಮಗನ ಎದುರು, ಸೊಸೆಯ ಎದುರು, ಇದನ್ನೆಲ್ಲ ಬಾಯಿಂದಲೇ ಹೇಳುತ್ತೇನೆ. ಹೇಳಿದ ಮೇಲೇ ಬನ್ನಿ ಹಿಡಿದು ಕೈ ಚಾಚುತ್ತೇನೆ. ನೀವು ಅದನ್ನು ತೆಗೆದುಕೊಳ್ಳಲೇಬೇಕೆಂದಿಲ್ಲ, ವೈನಿ.